ಹಳದಿ ಗೆರೆಯ ಮುಂದೆ ನಾನು ಹೇಳಿದ ಸುಳ್ಳು

ಎಲ್ಲಮ್ಮನ ಮಕ್ಕಳೇ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬೈಯುವವರು ಬೈಯಿರಿ.

ಹೋದ ವರ್ಷ ಶ್ರಾವಣದ ಒಂದು ಸೋಮವಾರ, ಐಗಳಿಯ ನಮ್ಮ ಮನೆಯಂಗಳದಲ್ಲಿ ಯಜಮಾನರು ಜಾರಿ ಬಿದ್ದು ತಲೆಗೆ ಪೆಟ್ಟಾಯಿತು. ಮಾತು ನಿಂತಿತು. ನಾನು, ಮಗ, ಸೊಸೆ ಸವಿತಾ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಅಥಣಿಯ ಆಸ್ಪತ್ರೆಗೆ ಬಂದೆವು. ಮಗ ಚೀಟಿ ಮಾಡಿಸಲು ಹೋದ.

ಸವಿತಾಗೆ ಆಗ ಎರಡು ತಿಂಗಳು. ಆರು ವರ್ಷ ಎಲ್ಲಮ್ಮ ತಾಯಿಗೆ ಹರಕೆ ಹೊತ್ತು ಪಡೆದ ಬಸಿರು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂದು ನಾನೇ ಅವಳ ಬಾಯಿ ಕಟ್ಟಿದ್ದೆ. ಯಜಮಾನರಿಗೂ ಹೇಳಿರಲಿಲ್ಲ.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನೆಲಕ್ಕೆ ಹಳದಿ ಗೆರೆ ಎಳೆದಿದ್ದರು. ಮಷಿನ್ ನೋಡುವವ ಹೇಳಿದ: "ಮಷಿನ್ ಚಾಲೂ ಆದಾಗ ಈ ಗೆರಿ ಒಳಗ ಪೇಶಂಟ್ ಒಬ್ರ ಇರಬೇಕ್ರಿ. ಆದ್ರ ಇವ್ರ ತಲಿ ನಿಲ್ಲವಲ್ದು. ಹಿಡ್ಯಾಕ ಒಬ್ರು ಬರ್ರಿ, ಸೀಸದ ಏಪ್ರನ್ ಕೊಡ್ತೀನಿ."

ಸೊಸೆ ಇರುವಾಗ ಅತ್ತೆ ಏಳುವ ಪದ್ಧತಿ ನಮ್ಮಲ್ಲಿಲ್ಲ. "ಏಳ ಬೇ, ಮಾವನ ತಲಿ ಹಿಡಿ" ಅಂದೆ.

"ತಂಗಿ ಬಸುರಿ ಇಲ್ಲಲ್ರಿ, ಮಾವಶಿ? ಇದ್ರ ಒಳಗ ಬ್ಯಾಡ. ಕೂಸಿಗೆ ಕಿರಣ ಬಡೀತಾವ" ಅಂದ ಆತ ನನಗೆ.

ಬೆಂಚಿನ ಮೇಲೆ ನಮ್ಮೂರಿನ ಇಬ್ಬರು ಹೆಂಗಸರು ಕೂತಿದ್ದರು. ಸವಿತಾ ನನ್ನ ಮುಖ ನೋಡಿದಳು.

"ಇಲ್ರಿ" ಅಂದೆ ನಾನು.

ಅವಳು ಏಪ್ರನ್ ತೊಟ್ಟು ಗೆರೆ ದಾಟಿದಳು. ತಾಯಿ, ಕೂಸನ್ನು ಕಾಯಿ ಎಂದು ಬೇಡಿದೆ, ಸುಳ್ಳು ಹೇಳಿದ ಅದೇ ಬಾಯಿಂದ. ಎದ್ದು ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಆಗ ಯಜಮಾನರು ಅವಳ ಕೈ ದೂಡಿದರು. ಬೆಳಗಿನಿಂದ ಒಂದಕ್ಷರ ಆಡದಿದ್ದವರು ತೊದಲಿದರು: "ಹೊರಗ ಹೋಗ ಯವ್ವಾ... ಹೊಟ್ಟ್ಯಾಗ ಕೂಸೈತಿ."

ದಿನಾ ಮುಂಜಾನೆ ಕೊಟ್ಟಿಗೆಯ ಹಿಂದೆ ಅವಳು ವಾಂತಿ ಮಾಡುವುದು ಎಮ್ಮೆಗೆ ಮೇವು ಹಾಕುವಾಗ ಅವರಿಗೆ ಕೇಳುತ್ತಿತ್ತಂತೆ.

ಮಷಿನ್ ಇನ್ನೂ ಚಾಲೂ ಆಗಿರಲಿಲ್ಲ. ಆತ ಸವಿತಾಳನ್ನು ಹೊರಗೆ ಕರೆತಂದು ನನ್ನ ಕಡೆ ತಿರುಗಿದ. "ದೃಷ್ಟಿ ಆಕ್ಕೈತಂತ ಮುಚ್ಚಿಟ್ರಿ, ಹೌದಿಲ್ರಿ? ನಿಮ್ಮಂಥವ್ರು ಭಾಳ ಮಂದಿ ಬರ್ತಾರ. ದೇವರ ಮುಂದ ಹೇಳಿದ್ದು ನನ್ನ ಮುಂದ ಹೇಳಾಕ ಏನ ಧಾಡಿ?"

ನೋಯುವ ಮೊಣಕಾಲಲ್ಲೇ ಎದ್ದು ಏಪ್ರನ್ ತೊಟ್ಟು ಗಂಡನ ತಲೆ ನಾನೇ ಹಿಡಿದೆ.

ಈಗ ಅವರು ನಡೆಯುತ್ತಾರೆ, ಮಾತಾಡುತ್ತಾರೆ. ಮೊಮ್ಮಗಳಿಗೆ ಎರಡು ಹಲ್ಲು ಬಂದಿವೆ. ಸವಿತಾ ಆ ದಿನದ ಬಗ್ಗೆ ಇವತ್ತಿಗೂ ಒಂದು ಮಾತು ಅಂದಿಲ್ಲ. ಕೂಸನ್ನು ನನ್ನ ಕೈಗೆ ಕೊಡುವ ಮೊದಲು ಒಂದು ಕ್ಷಣ ಮುಖ ನೋಡುತ್ತಾಳೆ. ಅದೇ ನೋಟ.

ಕೊಕಟನೂರಿನ ಗುಡಿಗೆ ಹೋಗಿ ಎಲ್ಲಮ್ಮ ತಾಯಿಗೆ ಉಡಿ ತುಂಬಿ ಬಂದೆ. ಕೂಸನ್ನು ಊರವರ ಕಣ್ಣಿನಿಂದ ಕಾಯಿ ಎಂದು ಬೇಡಿದ್ದೆ. ಆ ತಾಯಿ ಕಾದದ್ದು ನನ್ನ ಬಾಯಿಯಿಂದ.