ಅರ್ಧಕ್ಕೆ ಬಿಟ್ಟ ಸುದ್ದಿ

ನನ್ನ ಗೆಳತಿ ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮಗಳು. ಚಳ್ಳಕೆರೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಎದುರಿಗೇ ಅಬ್ಬಾನ ಗ್ಯಾರೇಜು, ಅದರ ಮೇಲೆ ನಮ್ಮ ಮನೆ. ಅವಳು ಮದುವೆಯಾಗಿ ಮಹಾರಾಷ್ಟ್ರದ ಯೇವಲಾಕ್ಕೆ ಹೋದಮೇಲೆ ನಮ್ಮ ಕಾಗದಗಳು ಶುರುವಾದವು. ಫೋನಿದ್ದೂ ಬರೆಯುವುದನ್ನು ನೋಡಿ ಅಬ್ಬಾ, "ಇಬ್ಬರಿಗೂ ದಿಮಾಗ್ ಖರಾಬ್ ಆಗೈತೆ" ಎನ್ನುತ್ತಿದ್ದರು. ಆಗಿದ್ದು ನಿಜ. ಲಕೋಟೆಯನ್ನು ಅಂಚೆ ಡಬ್ಬಿಗೆ ಹಾಕಿ ಮನೆಗೆ ಬರುವಾಗಿನ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಅವಳದೊಂದು ನೇಮವಿತ್ತು. ಮಗ್ಗದಲ್ಲಿ ಸೀರೆ ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಹಾಗೇ ಉಳಿಸಿ, ಹೊಸ ಎಳೆಗಳನ್ನು ಒಂದೊಂದಾಗಿ ಅದಕ್ಕೇ ಸೇರಿಸುತ್ತಾರೆ. ಕಾಗದವೂ ಹಾಗೇ ಎಂದಳು. ಕೊನೆಗೊಂದು ಸುದ್ದಿಯನ್ನು ಅರ್ಧಕ್ಕೆ ಬಿಡಬೇಕು, ಮುಂದಿನ ಕಾಗದ ಅಲ್ಲಿಂದ ಶುರು. ಅವಳ ಅತ್ತೆ ಕಪಾಟಿನಲ್ಲಿ ಬಚ್ಚಿಟ್ಟದ್ದೇನು ಎಂದು ತಿಳಿಯಲು ಒಂದು ತಿಂಗಳು ಕಾದಿದ್ದೇನೆ. ಚಕ್ಕುಲಿಯಂತೆ.

ಈ ಬೇಸಿಗೆಯಲ್ಲಿ ಬಂದ ಕಾಗದದ ಕೊನೆ ಹೀಗಿತ್ತು: "ಡಾಕ್ಟರ್ ಹತ್ರ ಹೋಗಿದ್ದೆ ಕಣೇ. ಅವರು ಹೇಳಿದ್ದೇನಂದ್ರೆ". ಅಷ್ಟೇ. ಫೋನ್ ಮಾಡಿದರೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. "ಇದು ಆಟ ಆಡೋ ವಿಷಯಾನಾ? ನಿನ್ನ ನೇಮವೂ ಸಾಕು, ಕಾಗದವೂ ಸಾಕು. ಇಲ್ಲಿಗೆ ಮುಗೀತು" ಎಂದು ಗೀಚಿ ಅಂಚೆಗೆ ಹಾಕಿದೆ. ಸಂಜೆ ಮತ್ತೆ ಹೋಗಿ, ಡಬ್ಬಿಯೊಳಗೆ ಕೈ ತೂರುತ್ತದೇನೋ ಎಂದು ನೋಡಿದೆ. ತೂರಲಿಲ್ಲ.

ಇನ್ನು ಅವಳೇ ಬರೆಯಲಿ ಎಂಬ ಹಟ ಬೇರೆ. ಮೂರನೇ ತಿಂಗಳು ತಡೆಯಲಾಗದೆ ಮೊಳಕಾಲ್ಮೂರಿಗೆ ಓಡಿದೆ. ಅವಳ ಚಿಕ್ಕಮ್ಮ ಮಗ್ಗದ ಮುಂದೆ ಕೂತಿದ್ದರು.

"ಎದೇಲಿ ಗಂಟಾಗೈತವ್ವ. ಆಪರೇಷನ್ ಆಯ್ತು, ನಾನು ಹೋಗಿ ಇದ್ದು ಬಂದೆ. ಇನ್ಯಾರೂ ನೋಡಾಕೆ ಬರಬ್ಯಾಡ್ರಿ ಅಂದವ್ಳೆ."

"ನನ್ನ ಕಾಗ್ದ ಸಿಕ್ತಂತಾ?"

"ದಿಂಬಿನ ಕೆಳಗೈತೆ. ಉತ್ತರ ಬರಿಯೇ ಅಂದೆ. ಇದ್ರಾಗೆ ತುದೀನೇ ಬಿಟ್ಟಿಲ್ಲ ಚಿಕ್ಕಮ್ಮ, ನಾನೆಲ್ಲಿಗೆ ಸೇರಿಸ್ಲಿ ಅಂದ್ಳು."

ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬರೆಯಲು ಕೂತೆ. ಕ್ಷಮೆ ಕೇಳಲು ಹೋಗಲಿಲ್ಲ. "ಮೊನ್ನೆ ಅಬ್ಬಾನ ಗ್ಯಾರೇಜಿಗೆ ಒಬ್ಬ ಕಾರು ತಂದಿದ್ದ ಕಣೇ, ಡಿಕ್ಕಿ ತೆಗೆದು ನೋಡಿದ್ರೆ ಒಳಗೆ" ಎಂದು ಬರೆದು, ಅಲ್ಲಿಗೇ ನಿಲ್ಲಿಸಿ, ಲಕೋಟೆ ಅಂಟಿಸಿ ಅಂಚೆಗೆ ಹಾಕಿದೆ.

ಹತ್ತೊಂಬತ್ತು ದಿನವಾಯಿತು. ಅಂಚೆಯವರು ನಮ್ಮ ಬಾಗಿಲು ದಾಟಿ ಹೋಗುತ್ತಾರೆ. ಡಿಕ್ಕಿಯೊಳಗೆ ಏನಿತ್ತೆಂದು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅದನ್ನು ಕೇಳುವುದಕ್ಕಾದರೂ ಅವಳು ಬದುಕಬೇಕು.