ಎಡಗಾಲಿಗೆ ಕಾದ ತಾಳ

ಅಮೆರಿಕದ ಟ್ರಾಯ್ ಊರಿನ ದೇವಸ್ಥಾನದಲ್ಲಿ ಶನಿವಾರದ ಭಜನೆಗೆ ವತ್ಸಲಮ್ಮ ವಾರವೆಲ್ಲ ಕಾಯುತ್ತಿದ್ದರು. ಮಕ್ಕಳಿಲ್ಲ, ಕಾರು ಓಡಿಸಲು ಬಾರದು. ಗಂಡ ಪದ್ಮನಾಭಯ್ಯ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು. ಹಿಂದಿನ ಬೀದಿಯ ಕೌಸಲ್ಯಾ ಬಂದು ಹಾರ್ನ್ ಹೊಡೆದರೆ ಅಂದು ಮನುಷ್ಯರ ಮುಖ. ಉಳಿದ ದಿನ ಮನೆಯಲ್ಲಿ ದನಿ ಎಂದರೆ ಫ್ರಿಜ್ಜಿನದು.

ಗಂಡನಿಗೆ ಲಕ್ವ ಹೊಡೆಯುವ ಮೊದಲು ಭಜನೆಯಲ್ಲಿ ಕಂಚಿನ ತಾಳ ವತ್ಸಲಮ್ಮನ ಕೈಯಲ್ಲೇ ಇರುತ್ತಿತ್ತು. ಹಾಗಾಗಿ ವರ್ಷಗಳ ಮೇಲೆ ಮರಳಿ ಬಂದಾಗ ಏನೂ ಕೇಳದೆ ಎಲ್ಲರೂ ಅದನ್ನೇ ಅವರ ಕೈಗಿಟ್ಟರು. ಎರಡು ಸಾಲು ಹಾಡುವುದರೊಳಗೆ ಭಜನೆ ಎಡವಿತು. ಮೊದಲ ಪೆಟ್ಟು ಸರಿಯಾಗಿಯೇ ಬೀಳುತ್ತಿತ್ತು, ಎರಡನೆಯದು ಒಂಚೂರು ತಡ. ಮತ್ತೆ ಸರಿ, ಮತ್ತೆ ತಡ. ಹಾಡುವವರು ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ.

"ವತ್ಸಲಕ್ಕ, ನಿಮ್ಮ ತಾಳ ಎಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡಿತ್ತು?" ಎಂದಳು ಕೌಸಲ್ಯಾ. ಹೆಂಗಸರೆಲ್ಲ ನಕ್ಕರು. ವತ್ಸಲಮ್ಮನೂ ನಕ್ಕರು.

ಢೋಲಕ್ ಬಾರಿಸುತ್ತಿದ್ದ ಉಪೇಂದ್ರ ಮಾತ್ರ ನಗಲಿಲ್ಲ. "ಆಂಟಿ, ರಾಮನವಮಿಗೆ ಹೊರಗಿನ ಜನ ಬರ್ತಾರೆ. ಅಷ್ಟರೊಳಗೆ ಸ್ವಲ್ಪ ಪ್ರಾಕ್ಟೀಸ್ ಮಾಡ್ಕೊಳ್ಳಿ. ಆಗ್ಲಿಲ್ಲಾಂದ್ರೆ ಕೌಸಲ್ಯಾ ಅವರು ಹಾಕ್ಲಿ."

ಆ ತಾಳವೂ ಕೈಬಿಟ್ಟರೆ ಆ ಜನರ ನಡುವೆ ತನ್ನದೆನ್ನುವ ಜಾಗ ಇನ್ನೇನಿದೆ? ಮನೆಗೆ ಹೊರಟು ಕೌಸಲ್ಯಾಳ ಕಾರಿನಲ್ಲಿ ಕುಳಿತಾಗಲೂ ವತ್ಸಲಮ್ಮನಿಗೆ ಅದೇ ಯೋಚನೆ.

ಹಿಂದಿನ ಸೀಟಿನಲ್ಲಿ ಕೌಸಲ್ಯಾಳ ಮಗಳು ಸಿಂಧು ಇದ್ದಳು. ಯೂನಿವರ್ಸಿಟಿಯಲ್ಲಿ ಮನಸ್ಸಿನ ಶಾಸ್ತ್ರ ಓದುತ್ತಿದ್ದ ಹುಡುಗಿ.

"ಆಂಟಿ, ನಮ್ಮ ಲ್ಯಾಬ್‌ನಲ್ಲಿ ಇದೇ ಸ್ಟಡಿ ಮಾಡ್ತಾ ಇದೀವಿ. ಇಬ್ಬರು ಒಟ್ಟಿಗೆ ತಾಳ ತಟ್ಟಿದ್ರೆ ಆಮೇಲೆ ಒಬ್ಬರಿಗೊಬ್ಬರು ಜಾಸ್ತಿ ಹೆಲ್ಪ್ ಮಾಡ್ತಾರೆ, ಗೊತ್ತಾ? ಯಾಕಂದ್ರೆ ತಟ್ಟುವಾಗ ಇಬ್ಬರೂ ಒಬ್ಬರಿಗೊಬ್ಬರು ಕಾಯ್ತಾರೆ. ಮುಂದಿನ ಪೆಟ್ಟು ಯಾವಾಗ ಅಂತ ಮೆದುಳು ಮೊದಲೇ ಗೆಸ್ ಮಾಡತ್ತೆ. ನೀವು ಯಾರ ಜೊತೆ ತಟ್ತಾ ಇದ್ರಿ ಇಷ್ಟು ದಿನ?"

ವತ್ಸಲಮ್ಮ ಕಿಟಕಿಯ ಕಡೆ ತಿರುಗಿದರು. "ನಿಮ್ಮ ಅಂಕಲ್ ಜೊತೆ."

ಲಕ್ವ ಹೊಡೆದ ಮೇಲೆ ಪದ್ಮನಾಭಯ್ಯನ ಎಡಗಾಲು ಎಳೆಯುತ್ತಿತ್ತು. ನಡಿಗೆ ಕಲಿಸಲು ಬರುತ್ತಿದ್ದ ಬಿಳಿ ಹುಡುಗಿ ಟಿಕ್ ಟಿಕ್ ಎನ್ನುವ ಪೆಟ್ಟಿಗೆಯೊಂದನ್ನು ಕೊಟ್ಟು, ಈ ಸದ್ದಿಗೆ ಹೆಜ್ಜೆ ಹಾಕಿಸಿ, ಕಾಲಿಗೆ ನಡಿಗೆ ನೆನಪಾಗುತ್ತದೆ ಎಂದಿದ್ದಳು. ಪದ್ಮನಾಭಯ್ಯನಿಗೆ ಪೆಟ್ಟಿಗೆ ಕಂಡರೆ ಸಿಟ್ಟು. "ಇದು ನನಗೆ ಕಾಯಲ್ಲ ಕಣೇ. ನೀನೇ ತಟ್ಟು."

ಅಡುಗೆಮನೆಯಿಂದ ಗರಾಜಿನ ಬಾಗಿಲವರೆಗೆ ವತ್ಸಲಮ್ಮ ಹಿಮ್ಮುಖವಾಗಿ ನಡೆಯುತ್ತ ಚಪ್ಪಾಳೆ ತಟ್ಟುತ್ತಿದ್ದರು. ಬಲಗಾಲಿಗೆ ಒಂದು. ಎಡಗಾಲು ಚಪ್ಪಲಿ ಎಳೆದುಕೊಂಡು ಬರುವ ತನಕ ಕೈ ತಡೆದು, ಆಮೇಲೆ ಇನ್ನೊಂದು. ಹೊರಗೆ ಹಿಮ ಬಿದ್ದ ದಿನವೂ ಬಿಡಲಿಲ್ಲ. "ಏನ್ರೀ, ಹೀಗೇ ಹೋದ್ರೆ ಗರಾಜ್ ಸೇರೋಷ್ಟರಲ್ಲಿ ಯುಗಾದಿ ಬರತ್ತೆ" ಎಂದರೆ ಅವರು ಸೊಟ್ಟ ಬಾಯಲ್ಲಿ ನಗುತ್ತಿದ್ದರು. "ಬರಲಿ ಬಿಡು, ಹೋಳಿಗೆ ಮಾಡು."

ಆ ಕಾಯುವಿಕೆ ಈಗ ಕೈಯಲ್ಲೇ ಉಳಿದುಬಿಟ್ಟಿತ್ತು.

ಮನೆ ಸೇರಿದ ಮೇಲೆ ವತ್ಸಲಮ್ಮ ಕಪಾಟಿನಿಂದ ಆ ಟಿಕ್ ಟಿಕ್ ಪೆಟ್ಟಿಗೆ ತೆಗೆದರು. ಹೊಸ ಬ್ಯಾಟರಿ ಹಾಕಿ ಊಟದ ಮೇಜಿನ ಮೇಲಿಟ್ಟು ಬೆಳಗ್ಗೆ, ಮಧ್ಯಾಹ್ನ ತಟ್ಟಿದರು. ಅದು ಯಾರಿಗೂ ಕಾಯದೆ ಓಡುತ್ತಿತ್ತು. ಮೊದಮೊದಲು ಕೈ ಸೋಲುತ್ತಿತ್ತು. ಆಮೇಲೆ, ಹಬ್ಬ ಹತ್ತಿರ ಬಂದ ಒಂದು ಮಧ್ಯಾಹ್ನ, ಎರಡನೆಯ ಪೆಟ್ಟು ಟಿಕ್‌ನ ಮೇಲೆಯೇ ಬಿತ್ತು. ಅದರ ಹಿಂದಿನದೂ ಮುಂದಿನದೂ ಸಮ. ನಡುವೆ ಎಲ್ಲೂ ಸಂದಿಯಿಲ್ಲ.

ಗೆದ್ದೆ ಎಂದುಕೊಂಡು ಕಣ್ಣು ಮುಚ್ಚಿ ತಟ್ಟುತ್ತಲೇ ಹೋದರು. ತಟ್ಟುತ್ತ ತಟ್ಟುತ್ತ ಏನೋ ಕಾಣೆಯಾದಂತೆ ಅನಿಸಿತು. ಇಷ್ಟು ದಿನ ಎರಡು ಪೆಟ್ಟುಗಳ ನಡುವಿನ ಆ ಚೂರು ಜಾಗದಲ್ಲಿ ಚಪ್ಪಲಿಯ ಸರ್ ಎನ್ನುವ ಸದ್ದು ಇರುತ್ತಿತ್ತು. ಅದನ್ನು ತಾನು ಕೇಳಿಸಿಕೊಳ್ಳುತ್ತಿದ್ದೆನೆಂಬುದು ಅದು ನಿಂತುಹೋದಾಗಲೇ ಗೊತ್ತಾಯಿತು.

ಪೆಟ್ಟಿಗೆ ಆರಿಸಿದರು. ಎದ್ದು ಗರಾಜಿನ ಬಾಗಿಲ ಕಡೆ ಹಿಮ್ಮುಖವಾಗಿ ನಡೆಯುತ್ತ ಒಂದು ತಟ್ಟಿದರು. ಕೈ ತಡೆದರು. ತಡೆದ ಕೈ ಹಾಗೇ ಇತ್ತು. ಬಹಳ ಹೊತ್ತಿನ ಮೇಲೆ, ಎಲ್ಲೋ ದೂರದಿಂದ ಬಂದಂತೆ, ಆ ಚಪ್ಪಲಿಯ ಸದ್ದು ಬಂತು.

ರಾಮನವಮಿಯ ದಿನ ಹಾಲ್ ತುಂಬ ಜನ. ಕೌಸಲ್ಯಾ ತಾಳ ಮುಂದೆ ಹಿಡಿದಳು. "ಪ್ರಾಕ್ಟೀಸ್ ಆಯ್ತಾ ವತ್ಸಲಕ್ಕ?"

"ಆಯ್ತು. ಸರಿಯಾಗೇ ಬರತ್ತೆ."

"ಮತ್ತೇನು, ತಗೊಳ್ಳಿ."

"ಬೇಡ ಕಣಮ್ಮ. ನೀನೇ ಹಾಕು."

"ಅವತ್ತು ತಮಾಷೆ ಮಾಡ್ದೆ ಅಂತ ಕೋಪಾನಾ?"

"ಅಯ್ಯೋ, ನಿನ್ನ ಮೇಲೆ ಏನು ಕೋಪ!" ಎಂದು ಅವಳ ಕೆನ್ನೆ ಸವರಿ, ವತ್ಸಲಮ್ಮ ಹಿಂದಿನ ಗೋಡೆಗೊರಗಿ ಕೂತರು.

ಕೌಸಲ್ಯಾಳ ತಾಳಕ್ಕೆ ಸಭೆಯೆಲ್ಲ ಒಂದಾಯಿತು. ಕೈಗಳು ಒಟ್ಟಿಗೆ ಎದ್ದವು, ತಲೆಗಳು ಒಟ್ಟಿಗೆ ತೂಗಿದವು, ಗುರುತಿಲ್ಲದವರೂ ಪಕ್ಕದವರನ್ನು ನೋಡಿ ನಕ್ಕರು. ವತ್ಸಲಮ್ಮನ ಪಕ್ಕದ ಜಮಖಾನ ಖಾಲಿ ಇತ್ತು. ಅವರ ಬಲಗೈ ಸೆರಗಿನ ಒಳಗೆ ಮೊಣಕಾಲಿನ ಮೇಲೆ ಮೆಲ್ಲಗೆ ಬೀಳುತ್ತಿತ್ತು: ಒಂದು ಸಲ ಎಲ್ಲರ ಜೊತೆ, ಇನ್ನೊಂದು ಸಲ ಸ್ವಲ್ಪ ಕಾದು.