ಪೀರಣ್ಣನನ್ನು ನಾನು ಹೆಲಿಕಾಪ್ಟರ್ ಹತ್ತಿಸಿದ್ದು

ಆಗೆಲ್ಲ ಶಿಕಾರಿಪುರದ ಮೇಲೆ ವಿಮಾನ ಹೋಗುವುದೇ ಅಪರೂಪ. ತಿಂಗಳಿಗೊಮ್ಮೆಯೋ ಎರಡು ಸಲವೋ ಆಕಾಶದಲ್ಲಿ ಗುಂಯ್ ಎಂದರೆ ನಮ್ಮ ಓಣಿಯ ಮಕ್ಕಳೆಲ್ಲ ಉಣ್ಣುವ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆವು. ಕುಂಟಾಬಿಲ್ಲೆ ಆಡುತ್ತಿದ್ದರೆ ಬಿಲ್ಲೆ ಎಲ್ಲಿ ಬಿತ್ತೆಂದು ಯಾರೂ ನೋಡುತ್ತಿರಲಿಲ್ಲ. ಕತ್ತು ಮೇಲಕ್ಕೆತ್ತಿ, "ಪೀರಣ್ಣಾ, ಇಳಿದು ಬಾ, ಮಂಡಕ್ಕಿ ಐತೆ" ಎಂದು ಕೂಗುತ್ತಿದ್ದೆವು. ಬೇರೆ ಊರಿನ ಮಕ್ಕಳು ಬರೀ ಟಾಟಾ ಮಾಡುತ್ತಿದ್ದಿರಬಹುದು. ನಮಗೆ ಮಾತ್ರ ಒಳಗೆ ಕೂತವನ ಹೆಸರೂ ಗೊತ್ತಿತ್ತು, ಅವನ ಮನೆಯೂ ಗೊತ್ತಿತ್ತು.

ಪೀರಣ್ಣ ಎಂದರೆ ದಾದಾಪೀರ್. ನಮ್ಮ ಎದುರು ಮನೆಯ ಗಾದಿ ಇಮಾಮಸಾಬರ ಒಬ್ಬನೇ ಮಗ, ವಾಯುಪಡೆಯಲ್ಲಿದ್ದ. ಇಮಾಮಸಾಬರದು ಹತ್ತಿ ಹಿಂಜಿ ಗಾದಿ, ದಿಂಬು ಮಾಡುವ ಕಸುಬು. ಬೇಸಿಗೆ ಬಂತೆಂದರೆ ತಮ್ಮ ಎತ್ತರಕ್ಕಿಂತ ಉದ್ದದ ಹತ್ತಿ ಹಿಂಜುವ ಬಿಲ್ಲನ್ನು ಬಸ್ಸಿನ ಟಾಪಿಗೆ ಕಟ್ಟಿ ಆನವಟ್ಟಿ, ಉಳವಿ ಕಡೆ ಹೊರಡುತ್ತಿದ್ದರು. ಮಳೆ ಹಿಡಿಯುವ ಮೊದಲು ಹಳ್ಳಿಯವರ ಹಳೇ ಗಾದಿಗಳನ್ನೆಲ್ಲ ಬಿಚ್ಚಿ, ಹಿಂಜಿ, ತುಂಬಿ ಕೊಡಬೇಕಿತ್ತು. ಊರಲ್ಲಿದ್ದ ದಿನ ಅವರ ಜಗಲಿಯಿಂದ ಬಿಲ್ಲಿನ ಟೊಂಯ್ ಟೊಂಯ್ ಕೇಳುತ್ತಲೇ ಇರುತ್ತಿತ್ತು. ಹತ್ತಿಯ ಎಳೆ ಹಾರಿ ಬಂದು ನಮ್ಮ ಸಾರಿನೊಳಗೂ ಬೀಳುತ್ತಿತ್ತು. ಅಮ್ಮ ಗೊಣಗುತ್ತ ಸೌಟಿನಲ್ಲಿ ಎತ್ತಿ ಹಾಕುತ್ತಿದ್ದಳು.

ಹೊಲಿಗೆಯೆಲ್ಲ ಇಮಾಮಸಾಬರ ಹೆಂಡತಿ ಹುಸೇನಮ್ಮನದು. ನಮಗೆಲ್ಲ ಆಕೆ ಹುಸೇನಜ್ಜಿ. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಇಮಾಮಸಾಬರಿಗೆ ಬರುತ್ತಿದ್ದುದು ಲೆಕ್ಕ ಮಾತ್ರ. ಹಾಗಾಗಿ ಮಗನ ಕಾಗದ ಬಂದಾಗೆಲ್ಲ ಓದುವ ಕೆಲಸ ನನ್ನದು. ಓಣಿಯ ಬಾಯಲ್ಲೇ ನಮ್ಮಪ್ಪನ ಕಿರಾಣಿ ಅಂಗಡಿ ಇತ್ತು. ಅಪ್ಪ ಓದಿದರೆ ಸರಸರ ಓದಿ ಮುಗಿಸಿಬಿಡುತ್ತಾನೆ, ಗಿರಿಜಿ ಆದರೆ ಬಾಯಿತುಂಬ ಓದುತ್ತಾಳೆ ಎನ್ನುವುದು ಅಜ್ಜಿಯ ವಾದ. ಐದನೇ ಕ್ಲಾಸಿನ ನನಗೆ ಈ ಹೊಗಳಿಕೆ ತಲೆಗೇರಿತ್ತು. ಓದುವ ಮೊದಲು ಅಜ್ಜಿ ನನ್ನ ಕೈಗೊಂದು ಹಿಡಿ ಹುರಿಗಡಲೆ, ಬೆಲ್ಲ ಕೊಡುತ್ತಿದ್ದಳು. ಓಣಿಯ ಹೆಂಗಸರು, ಮಕ್ಕಳು ಅರಳೆಯ ರಾಶಿಯ ಸುತ್ತ ಕೂರುತ್ತಿದ್ದರು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

ತೊಂದರೆ ಏನೆಂದರೆ ಪೀರಣ್ಣ ವಿಮಾನ ಹಾರಿಸುತ್ತಿರಲಿಲ್ಲ. ಅವನು ಹೆಲಿಕಾಪ್ಟರನ್ನು ಒರೆಸಿ, ಎಣ್ಣೆ ನೋಡಿ, ನಟ್ಟು ಬೋಲ್ಟು ಬಿಗಿದು, ಹಾರುವವರಿಗೆ ಬೆಲ್ಟು ಕಟ್ಟಿ ಕಳಿಸುವವನು. ಅವನು ಅದನ್ನು ಮುಚ್ಚಿಟ್ಟವನೇ ಅಲ್ಲ, ಪ್ರತಿ ಕಾಗದದಲ್ಲೂ ಬರೆಯುತ್ತಿದ್ದ. ಮುಚ್ಚಿಟ್ಟವಳು ನಾನು. ಮೊದಲ ಸಲ ಇದ್ದದ್ದು ಇದ್ದಂತೆ ಓದಿದಾಗ ಅಜ್ಜಿಯ ಮುಖ ಸಣ್ಣದಾಯಿತು. "ಅಷ್ಟು ದೂರ ಹೋಗಿ ಕೆಳಗೇ ನಿಂತಿರ್ತಾನಾ?" ಎಂದು ಕೇಳಿದಳು. ಅರಳೆ ರಾಶಿಯ ಸುತ್ತ ಕೂತವರೂ ಎದ್ದು ಹೋಗುವವರಂತೆ ಸೆರಗು ಕೊಡವಿದರು. ಮುಂದಿನ ಸಲ ಪೀರಣ್ಣ, "ಸಾಹೇಬರು ಮೂವರೂ ಹೋಗಿ ಬಂದರು. ಬರುವವರೆಗೂ ನಾನು ಕೆಳಗೆ ನಿಂತು ಆಕಾಶ ನೋಡುತ್ತಿದ್ದೆ" ಎಂದು ಬರೆದಿದ್ದ. ನಾನು, "ಸಾಹೇಬರು ಮೂವರ ಜೊತೆ ನಾನೂ ಹೋಗಿ ಬಂದೆ. ಮೇಲಿನಿಂದ ಭೂಮಿ ರೊಟ್ಟಿಯಷ್ಟು ಕಾಣುತ್ತಿತ್ತು" ಎಂದು ಓದಿದೆ. ಅಜ್ಜಿ ನನ್ನ ಕೈಗೆ ಇನ್ನೊಂದು ಹಿಡಿ ಹುರಿಗಡಲೆ ಸುರಿದಳು. ಆಮೇಲೆ ಪ್ರತಿ ಕಾಗದದಲ್ಲೂ ನಾನು ಪೀರಣ್ಣನನ್ನು ಹತ್ತಿಸಿಯೇ ಬಿಡುತ್ತಿದ್ದೆ.

ಗಡಿಯಲ್ಲಿ ಯುದ್ಧ ಶುರುವಾದದ್ದು ಆ ವರ್ಷದ ಬೇಸಿಗೆಯಲ್ಲೇ. ಪೀರಣ್ಣನ ಹೆಲಿಕಾಪ್ಟರಿಗೆ ಹಿಮದ ಗುಡ್ಡಗಳಿಂದ ಗಾಯಾಳುಗಳನ್ನು ಹೊತ್ತು ತರುವ ಕೆಲಸ ಬಿತ್ತು. ಕಾಗದಗಳಲ್ಲಿ ಈಗ ಆ ಮೂವರು ಸಾಹೇಬರದೇ ಸುದ್ದಿ. ಅವರ ಹೆಸರು ಉತ್ತರದ ಕಡೆಯವು, ನನ್ನ ನಾಲಗೆಗೆ ಹೊರಳುತ್ತಿರಲಿಲ್ಲ. ನಾವೇ ಹೆಸರಿಟ್ಟುಕೊಂಡೆವು. ಹೆಲಿಕಾಪ್ಟರ್ ಓಡಿಸುವವರು ದಪ್ಪ ಸಾಹೇಬರು, ಚಹಕ್ಕೆ ನಾಲ್ಕು ಚಮಚ ಸಕ್ಕರೆ ಬೇಕು. ಪಕ್ಕದಲ್ಲಿ ಕೂರುವವರು ಉದ್ದ ಸಾಹೇಬರು, ದಿನಾ ಬಾಗಿಲಿಗೆ ಹಣೆ ಬಡಿದುಕೊಂಡು ದಿನಾ ಬಾಗಿಲಿಗೇ ಬೈಯುತ್ತಾರೆ. ಹಿಂದೆ ಕೂತು ಯಂತ್ರ ನೋಡಿಕೊಳ್ಳುವವರು ಸಣ್ಣ ಸಾಹೇಬರು, ಜೇಬಿನ ತುಂಬ ಸೋಂಪುಕಾಳು. ಅವರ ಮನೆಯವರಿಗಿಂತ ಹೆಚ್ಚು ನಮ್ಮ ಓಣಿಗೆ ಅವರ ವಿಷಯ ಗೊತ್ತಿತ್ತೇನೋ.

ಒಂದು ಕಾಗದದಲ್ಲಿ ಪೀರಣ್ಣ, ಹಾರುವ ಹುಕುಂ ಬರುವವರೆಗೆ ಸಾಹೇಬರೆಲ್ಲ ಡೇರೆಯಲ್ಲಿ ಮರದ ಪೆಟ್ಟಿಗೆಗಳ ಮೇಲೆ ಕಾದು ಕೂರುತ್ತಾರೆ, ಚಳಿಗೆ ಪೆಟ್ಟಿಗೆ ಮಂಜುಗಡ್ಡೆಯಾಗಿರುತ್ತದೆ ಎಂದು ಬರೆದ. ಹುಸೇನಜ್ಜಿ ಅವತ್ತೇ ಕೂರುವುದಕ್ಕೆಂದು ಮೂರು ಚಿಕ್ಕ ಗಾದಿ ಹೊಲಿಯಲು ಕೂತಳು. ಅಳತೆ ಕೇಳಿ ಬರೆಯೋಣವೆಂದರೆ ಒಪ್ಪಲಿಲ್ಲ, ಇಷ್ಟು ದಿನ ಕಾಗದ ಕೇಳಿದವಳಿಗೆ ಅಳತೆ ಗೊತ್ತಾಗದೇ ಎಂದಳು. ದಪ್ಪ ಸಾಹೇಬರದಕ್ಕೆ ಒಂದೂವರೆ ಪಾಲು ಹತ್ತಿ. ಉದ್ದ ಸಾಹೇಬರದು ತೊಡೆಯವರೆಗೂ ಬರುವಂತೆ ಉದ್ದಕ್ಕೆ. ಸಣ್ಣ ಸಾಹೇಬರದು ಪುಟ್ಟದು, ನಾಲ್ಕು ಮೂಲೆಗೂ ಕೆಂಪು ದಾರದ ಹೂ. ಹತ್ತಿ ಬಿಡಿಸಿ ತುಂಬಿದವರು ನಾವು ಮಕ್ಕಳು. ಯಾರೂ ನೋಡದಾಗ ನಾನು ಸಣ್ಣ ಸಾಹೇಬರ ಗಾದಿಯೊಳಗೆ ಅಂಗಡಿಯ ಒಂದು ಪೆಪ್ಪರಮೆಂಟು ಇಟ್ಟೆ. ಸೋಂಪಿನ ಜೊತೆ ಚೆನ್ನಾಗಿರುತ್ತದೆ ಎಂದು ಯಾಕನ್ನಿಸಿತೋ, ಗಾದಿ ಹರಿಯದೆ ಅದು ಅವರಿಗೆ ಸಿಗುವುದಾದರೂ ಹೇಗೆ ಎಂದು ಯೋಚಿಸಲಿಲ್ಲ. ಪಾರ್ಸಲ್ ತಲುಪಿತೆಂದು ಕಾಗದ ಬಂತು. ದಪ್ಪ ಸಾಹೇಬರು ತಮ್ಮ ಗಾದಿ ನೋಡಿ, ನಿಮ್ಮಮ್ಮ ನನ್ನನ್ನು ಯಾವಾಗ ನೋಡಿದ್ದರು ಎಂದು ಕೇಳಿದರಂತೆ.

ಅದಾಗಿ ಒಂದೆರಡು ವಾರವಿರಬಹುದು. ಬೆಳಿಗ್ಗೆ ಅಪ್ಪ ಅಂಗಡಿಯ ಬಾಗಿಲು ತೆಗೆದು ರೇಡಿಯೋ ಹಾಕಿದ್ದ. ಹುಸೇನಜ್ಜಿ ಚಹಪುಡಿಗೆ ಬಂದಿದ್ದಳು. ಗಾಯಾಳುಗಳನ್ನು ತರಲು ಹೋಗಿದ್ದ ಹೆಲಿಕಾಪ್ಟರೊಂದು ಗುಡ್ಡದಲ್ಲಿ ಬಿದ್ದಿದೆ, ಅದರಲ್ಲಿದ್ದ ಯಾರೂ ಬದುಕಿಲ್ಲ ಎಂದು ಸಮಾಚಾರ ಹೇಳಿತು. ಅಜ್ಜಿ ಚಹಪುಡಿಯ ಪೊಟ್ಟಣವನ್ನು ಗಲ್ಲಾದ ಮೇಲೇ ಬಿಟ್ಟು ಮನೆಗೆ ನಡೆದಳು. ಅದೇ ಹೆಲಿಕಾಪ್ಟರೋ ಬೇರೆಯದೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಹೊತ್ತು ಏರುವಷ್ಟರಲ್ಲಿ ಓಣಿಯೆಲ್ಲ ಅವರ ಜಗಲಿಯಲ್ಲಿತ್ತು. ಇಮಾಮಸಾಬರು ಬಿಲ್ಲಿನ ದಾರ ಬಿಚ್ಚಿ ಗೋಡೆಗೆ ಒರಗಿಸಿದರು. ಮನೆಯಲ್ಲಿ ಸಾವಾದರೆ ಮಾತ್ರ ಆ ದಾರ ಬಿಚ್ಚುತ್ತಿದ್ದರು.

ನಾನು ಅಂಗಡಿಯ ಅಕ್ಕಿ ಮೂಟೆಗಳ ಹಿಂದೆ ಅಡಗಿದ್ದೆ. ನನ್ನ ತಲೆಯೊಳಗೆ ಒಂದೇ ಮಾತು: ಅವನನ್ನು ಹತ್ತಿಸಿದವಳು ನಾನೇ. ಕೆಳಗೆ ನಿಂತಿದ್ದವನನ್ನು ಪ್ರತಿ ಕಾಗದದಲ್ಲೂ ಕರೆದುಕೊಂಡು ಹೋಗಿ ಕೂರಿಸಿದ್ದೆ. ಹಾಗೆ ಓದದಿದ್ದರೆ ಅವನು ಸಾಯುತ್ತಲೇ ಇರಲಿಲ್ಲ ಎಂದು ಬಲವಾಗಿ ನಂಬಿದ್ದೆ. ಕಾಗದದಲ್ಲಿದ್ದದ್ದು ಬೇರೆ, ನಾನು ಓದಿದ್ದು ಬೇರೆ ಎಂಬುದು ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ಎದ್ದು ಓಡಿದೆ.

"ಅಜ್ಜಿ, ಪೀರಣ್ಣ ಹಾರೋದೇ ಇಲ್ಲ. ಕೆಳಗೇ ಇರ್ತಾನೆ. ನಾನೇ ಸೇರಿಸಿ ಓದ್ತಿದ್ದೆ."

ಯಾರೂ ನಂಬಲಿಲ್ಲ. ಮಗು ಸಮಾಧಾನ ಹೇಳುತ್ತಿದೆ ಎಂದು ಯಾರೋ ಕಣ್ಣೊರೆಸಿಕೊಂಡರು. ನಾನು ಒಳಗೆ ನುಗ್ಗಿ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ತಂದು ಅಪ್ಪನ ಕೈಗೆ ತುರುಕಿದೆ. ಅಪ್ಪ ಒಂದೊಂದಾಗಿ ಓದಿದ, ಸರಸರನೆ, ಇದ್ದದ್ದು ಇದ್ದಂತೆ. ಎಲ್ಲದರಲ್ಲೂ ಪೀರಣ್ಣ ಬರೆದದ್ದು ಒಂದೇ: ನಾನು ಕೆಳಗೆ ನಿಂತಿದ್ದೆ. ನಾನು ಕೆಳಗೆ ಕಾಯುತ್ತಿದ್ದೆ. ಬರುವವರೆಗೂ ನಾನು ಕೆಳಗೇ ಇದ್ದೆ. ಮೂರನೆಯ ಕಾಗದಕ್ಕೆ ಹುಸೇನಜ್ಜಿ ಎದ್ದು ಬಂದು ನನ್ನ ಬೆನ್ನಿಗೊಂದು ಬಲವಾಗಿ ಗುದ್ದಿದಳು. ಮರುಕ್ಷಣ ಉಸಿರು ಕಟ್ಟುವಂತೆ ತಬ್ಬಿಕೊಂಡಳು. ಅವಳ ಸೆರಗಿನ ಹತ್ತಿಯ ಧೂಳಿಗೆ ನನಗೆ ಸೀನು ಬಂತು, ಅಳುತ್ತಿದ್ದವರೆಲ್ಲ ನಕ್ಕರು. ಅಪ್ಪ ಅಂಗಡಿಯಿಂದ ಸಕ್ಕರೆ ತಂದು ಹಂಚಿದ. ಇಮಾಮಸಾಬರು ಬಿಲ್ಲಿಗೆ ದಾರ ಏರಿಸಿ, ಕೆಲಸವಿಲ್ಲದಿದ್ದರೂ ಸುಮ್ಮನೆ ಎರಡು ಸಲ ಮೀಟಿದರು.

ಆಗಲೇ ಅಂಗಡಿಯ ಫೋನು ಹೊಡೆದುಕೊಂಡಿತು. ಓಣಿಗೆಲ್ಲ ಅದೊಂದೇ ಫೋನು. ಓಡಿಹೋಗಿ ನಾನೇ ಎತ್ತಿದೆ. ಪೀರಣ್ಣನ ದನಿ ನೆಗಡಿಯಾದವರ ಹಾಗಿತ್ತು.

"ಗಿರಿಜಿ, ನಾನು ಚೆನ್ನಾಗಿದೀನಿ ಅಂತ ಅವ್ವಗೆ ಹೇಳು," ಎಂದ. ಆಮೇಲೆ, "ಗಾದಿ ಮೂರೂ ಇಲ್ಲೇ ಅದಾವೆ. ಕೂರೋರಿಲ್ಲ," ಎಂದ.

ನನ್ನ ನಾಲಗೆಯ ಮೇಲಿನ ಸಕ್ಕರೆ ಇನ್ನೂ ಕರಗಿರಲಿಲ್ಲ. ಹೋಗಿ ಅಜ್ಜಿಗೆ ಎರಡನ್ನೂ ಹೇಳಿದೆ. ಅವತ್ತು ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ. ಅಜ್ಜಿ ಕೈಯಲ್ಲಿದ್ದ ಸಕ್ಕರೆಯನ್ನು ಮೆಲ್ಲಗೆ ತಟ್ಟೆಗೆ ಹಾಕಿದಳು. "ನಾವು ಸಕ್ಕರೆ ತಿಂದ್ವಲ್ಲ," ಎಂದಳು. ಇಮಾಮಸಾಬರು ಬಿಲ್ಲಿನ ದಾರವನ್ನು ಮತ್ತೆ ಬಿಚ್ಚಿದರು. ಮೂರು ದಿನ ನಮ್ಮ ಓಣಿಯಲ್ಲಿ ಬಿಲ್ಲಿನ ಸದ್ದಿರಲಿಲ್ಲ.

ಪೀರಣ್ಣ ರಜೆಯ ಮೇಲೆ ಬಂದದ್ದು ಯುದ್ಧ ಮುಗಿದು, ಶಾಲೆ ಶುರುವಾದ ಮೇಲೆ. ಮಕ್ಕಳಿಗೆಲ್ಲ ಉಂಡೆ ತರುತ್ತಿದ್ದವನು ಈ ಸಲ ಮೂರು ಗಾದಿ ತಂದಿದ್ದ. ಅವನು ಸರಿಯಾಗಿ ಉಣ್ಣಲಿಲ್ಲ. ಗಾದಿ ಹಾಸಿಕೊಟ್ಟರೆ ಮಲಗದೆ ಜಗಲಿಯ ಕಲ್ಲಿನ ಮೇಲೆ ಕೂತಿರುತ್ತಿದ್ದ. ಹೆಲಿಕಾಪ್ಟರ್ ಬಿದ್ದ ದಿನ ಬೆಳಿಗ್ಗೆ ಮೂವರ ಬೆಲ್ಟೂ ತಾನೇ ಬಿಗಿದದ್ದಂತೆ. ಉದ್ದ ಸಾಹೇಬರು ಅವತ್ತೊಂದು ದಿನ ಹಣೆ ಬಡಿದುಕೊಳ್ಳದೆ ಹತ್ತಿದರಂತೆ, ಅದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರಂತೆ. ಅಜ್ಜಿ ನನ್ನ ಕಿವಿ ಹಿಡಿದು ಅವನ ಮುಂದೆ ನಿಲ್ಲಿಸಿ, ಇವಳು ಮಾಡಿದ್ದು ಹೀಗೆ ಎಂದು ಎಲ್ಲ ಹೇಳಿದಳು. ಅವನು ಬೈಯಲಿಲ್ಲ, ನಗಲೂ ಇಲ್ಲ.

ಸತ್ತವರ ಗಾದಿಯ ಹತ್ತಿಯನ್ನು ಇನ್ನೊಬ್ಬರ ಗಾದಿಗೆ ಸೇರಿಸಬಾರದು ಎಂಬುದು ಇಮಾಮಸಾಬರ ಮನೆಯ ಕಟ್ಟುನಿಟ್ಟು. ಯಾರು ಎಷ್ಟೇ ಕೇಳಿಕೊಂಡರೂ ಮುಟ್ಟುತ್ತಿರಲಿಲ್ಲ, ಊರಾಚೆ ಮಣ್ಣು ಮಾಡಿಸುತ್ತಿದ್ದರು. ಈ ಮೂರನ್ನೂ ಹಾಗೇ ಮಾಡೋಣವೆಂದು ಅವರು ಎದ್ದಾಗ ಹುಸೇನಜ್ಜಿ ಅಡ್ಡ ನಿಂತಳು.

"ಅವ್ರ ಅವ್ವಂದಿರ ಕೈಗೆ ಏನು ಸಿಕ್ತೋ ಏನಿಲ್ವೋ. ನಮ್ಮನೀಗೆ ಬಂದಿದ್ದು ಇಷ್ಟು. ಹೊರಗೆ ಹಾಕಬೇಡ್ರಿ," ಎಂದಳು.

ತಾನೇ ಕೂತು ಮೂರರ ಹೊಲಿಗೆಯನ್ನೂ ಬಿಚ್ಚಿದಳು. ಸಣ್ಣ ಸಾಹೇಬರ ಗಾದಿಯಿಂದ ನನ್ನ ಪೆಪ್ಪರಮೆಂಟು ಸುತ್ತಿದ ಕಾಗದದ ಸಮೇತ ಬಿತ್ತು. ಅದೇನು ಎಂದು ಯಾರೂ ಕೇಳಲಿಲ್ಲ, ನಾನು ಮಾತ್ರ ಬಿಕ್ಕಿ ಬಿಕ್ಕಿ ಅತ್ತೆ. ಇಮಾಮಸಾಬರು ಕೊನೆಗೆ ತಾವೇ ಬಿಲ್ಲು ತೆಗೆದುಕೊಂಡರು. ಮೂವರ ಹತ್ತಿಯೂ ಹಾರಿ ಹಾರಿ ಒಂದೇ ರಾಶಿಯಾಯಿತು. ಯಾವುದು ದಪ್ಪ ಸಾಹೇಬರದು, ಯಾವುದು ಉದ್ದ ಸಾಹೇಬರದು ಎಂದು ಹೇಳುವಂತಿರಲಿಲ್ಲ. ಅದಕ್ಕೆ ಮನೆಯ ಹತ್ತಿ ಸೇರಿಸಿ ಅಜ್ಜಿ ಒಂದು ದೊಡ್ಡ ಗಾದಿ ಹೊಲಿದು, ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಹಾಸಿದಳು.

ಪೀರಣ್ಣ ಅದರ ಅಂಚಿನಲ್ಲಿ ಕೂತ. ಕೈಯಿಂದ ಸವರಿದ. ಆಮೇಲೆ ನನ್ನನ್ನು ಕರೆದು ಟ್ರಂಕಿನಿಂದ ಆ ಹಳೇ ಕಾಗದ ತರಲು ಹೇಳಿದ.

"ಓದು," ಎಂದ.

ನಾನು ತಪ್ಪು ತಿದ್ದಿಕೊಳ್ಳುವವಳಂತೆ, "ಸಾಹೇಬರು ಮೂವರೂ ಹೋಗಿ ಬಂದರು. ಬರುವವರೆಗೂ ನಾನು ಕೆಳಗೆ" ಎಂದು ಶುರುಮಾಡಿದೆ.

"ಹಂಗಲ್ಲ," ಎಂದ ಪೀರಣ್ಣ. "ಅವತ್ತು ಅವ್ವಗೆ ಓದಿದ್ಯಲ್ಲ, ಹಂಗೆ ಓದು."

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ತಲೆಯಾಡಿಸಿದಳು. ಸಾಹೇಬರು ಮೂವರ ಜೊತೆ ನಾನೂ ಹೋಗಿ ಬಂದೆ ಎಂದು ಓದಿದೆ. ಭೂಮಿ ರೊಟ್ಟಿಯಷ್ಟು ಕಾಣುತ್ತಿತ್ತು ಎಂದು ಓದಿದೆ. ಅವನು ಮಲಗಿಕೊಂಡು ಕಣ್ಣು ಮುಚ್ಚಿದ. ನಾನು ನಿಲ್ಲಿಸಿದರೆ ಅಜ್ಜಿ ಕಣ್ಣಲ್ಲೇ ಮುಂದುವರಿಸು ಎನ್ನುತ್ತಿದ್ದಳು. ಕಾಗದ ಮುಗಿದ ಮೇಲೂ ಓದಿದೆ. ದಪ್ಪ ಸಾಹೇಬರಿಗೆ ಚಹ ಕುಡಿಸಿದೆ, ಉದ್ದ ಸಾಹೇಬರನ್ನು ಬಾಗಿಲಲ್ಲಿ ತಲೆ ಬಗ್ಗಿಸಿ ಇಳಿಸಿದೆ, ಸಣ್ಣ ಸಾಹೇಬರ ಸೋಂಪಿನಲ್ಲಿ ಎಲ್ಲರಿಗೂ ಪಾಲು ಹಾಕಿದೆ, ನಾಲ್ವರೂ ಕ್ಷೇಮ ಎಂದು ಮುಗಿಸಿದೆ. ಪೀರಣ್ಣ ಸಂಜೆಯವರೆಗೂ ನಿದ್ದೆ ಮಾಡಿದ.

ಈಗ ಶಿವಮೊಗ್ಗಕ್ಕೇ ವಿಮಾನ ಬಂದು ಇಳಿಯುತ್ತದೆ, ನಮ್ಮ ಓಣಿಯಲ್ಲಿ ಯಾರೂ ಕತ್ತೆತ್ತುವುದಿಲ್ಲ. ಗಾದಿಗಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಅಂಗಡಿಯಿಂದಲೇ ಬರುತ್ತವೆ, ಅವನ್ನು ಬಿಚ್ಚಿ ಹಿಂಜುವಂತಿಲ್ಲ. ಇಮಾಮಸಾಬರಿಲ್ಲ, ಹುಸೇನಜ್ಜಿಯೂ ಇಲ್ಲ. ನಿವೃತ್ತನಾದ ಪೀರಣ್ಣನಿಗೆ ತಲೆಯೆಲ್ಲ ಬೆಳ್ಳಗಾಗಿದೆ, ಅದೇ ಗಾದಿಯ ಮೇಲೆ ಮಲಗುತ್ತಾನೆ. ನಾನು ಸೊರಬದ ತಾಲೂಕು ಕಚೇರಿಯಲ್ಲಿದ್ದೇನೆ. ದಿನವಿಡೀ ಜನರ ಪಹಣಿ, ಅರ್ಜಿ ಓದಿ ಹೇಳುವುದೇ ಕೆಲಸ. ಒಂದಕ್ಷರ ಸೇರಿಸುವಂತಿಲ್ಲ, ಒಂದಕ್ಷರ ಬಿಡುವಂತಿಲ್ಲ, ಬಹಳ ಸರಿಯಾಗಿ ಓದುತ್ತೇನೆಂದು ಹೆಸರೂ ಬಂದಿದೆ. ಆದರೆ ಆ ಮಧ್ಯಾಹ್ನದ ನಂತರ ಇಷ್ಟು ವರ್ಷಗಳಲ್ಲಿ ಒಬ್ಬರೂ ನನ್ನನ್ನು, ಹಂಗಲ್ಲ, ಅವತ್ತು ಓದಿದ್ಯಲ್ಲ ಹಂಗೆ ಓದು ಎಂದು ಕೇಳಿಲ್ಲ.